ಚೈತ್ರದ ನೀರು ನೋಡಿ ಮರಿ ಬಿಡು

ತಮ್ಮಾ, ದೇವಾಪುರದ ಹೊಲದಲ್ಲಿ ಹೊಂಡ ತೋಡಿಸಿ ಸೀಗಡಿ ಬಿಡ್ತೀನಿ, ಜೊತೆಗೇ ಕಡಲಕಳೆಯನ್ನೂ ಬೆಳೀತೀನಿ ಅಂದೆಯಲ್ಲ, ಕೇಳಿ ಖುಷಿಯಾಯಿತು. ಹತ್ತಿ, ಭತ್ತ ಬಿಟ್ಟು ಬೇರೆ ಯೋಚನೆ ಮಾಡುವ ಹುಡುಗರು ಊರಿಗೆ ಬೇಕು. ಆದರೆ ಜೆಸಿಬಿ ಕರೆಸುವ ಮುಂಚೆ ನಾಲ್ಕು ಮಾತು ಕೇಳು.

ನೀನು ಹಿಡಿದ ಎಳೆ ಸರಿಯಾಗಿದೆ. ಪಾಕ್ ಕೊಲ್ಲಿಯಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೋಬಿಯಾ ಮೀನಿನ ಪಂಜರದ ಸುತ್ತ ಬಿದಿರಿನ ತೆಪ್ಪ ಕಟ್ಟಿ ಕಡಲಕಳೆ ಬೆಳೆಸಿದರು. ಮೀನಿನ ಹಿಕ್ಕೆ, ಉಳಿದ ಮೇವು ಕರಗಿ ಬಂದ ಸಾರಜನಕವನ್ನೇ ಉಂಡು ಕಳೆ ಹುಲುಸಾಗಿ ಬಂತು. ಒಂದರ ಹೊಲಸು ಇನ್ನೊಂದಕ್ಕೆ ಅನ್ನವಾಗುವ ಈ ಲೆಕ್ಕ ಎಲ್ಲಿಯಾದರೂ ನಡೆಯುತ್ತದೆ. ಕಡಲಕಳೆ ಮಾತ್ರ ಕಡಲಿನದೇ. ಕೃಷ್ಣೆಯ ಸಿಹಿನೀರಲ್ಲಿ ಅದು ಕೊಳೆತುಹೋಗುತ್ತದೆ.

ಸವಳು ಭೂಮಿ ಇದೆಯಲ್ಲ, ಉಪ್ಪುನೀರಿನ ವನಾಮಿ ಸೀಗಡಿ ಆದೀತು ಅನ್ನುತ್ತೀ. ಹರಿಯಾಣ, ಪಂಜಾಬಿನ ಸವಳಿನಲ್ಲಿ ಬೆಳೆಯುತ್ತಾರೆ, ನಿಜ. ಅಲ್ಲಿ ನೆಲದಡಿಯ ನೀರೇ ಉಪ್ಪು, ಬೇರೆ ಬೆಳೆ ಕೈಹತ್ತುವುದಿಲ್ಲ. ಹಾಗಿದ್ದೂ ಆ ನೀರಲ್ಲಿ ಪೊಟ್ಯಾಶಿಯಂ ಕಡಿಮೆ ಎಂದು ಹೊರಗಿನಿಂದ ಹಾಕಬೇಕಾಗುತ್ತದೆ. ನಮ್ಮಲ್ಲಿ ಸವಳು ಬಂದದ್ದು ನಾರಾಯಣಪುರದ ಎಡದಂಡೆ ಕಾಲುವೆ ಬಂದಮೇಲೆ, ನೀರು ಹೆಚ್ಚಾಗಿ, ಬಸಿಯಲು ದಾರಿಯಿಲ್ಲದೆ. ಅಂಥ ಎರೆಯ ನಡುವೆ ನೀನು ಉಪ್ಪುನೀರು ನಿಲ್ಲಿಸಿದರೆ ಬದುವಿನಾಚೆಯವನ ಹೊಲ ಹಾಳಾಗುತ್ತದೆ. ಆಂಧ್ರ, ತಮಿಳುನಾಡಿನ ಕರಾವಳಿಯಲ್ಲಿ ಸೀಗಡಿ ಹೊಂಡದ ಉಪ್ಪು ಕುಡಿಯುವ ನೀರಿನ ಬಾವಿಗೆ, ಗದ್ದೆಗೆ ಇಳಿದು, ಕೊನೆಗೆ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಆ ಪಾಡು ನಮ್ಮೂರಿಗೆ ತರಬೇಡ.

ಅದರ ಬದಲು ಸಿಹಿನೀರಿನ ಮೀನುಗಳಾದ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡು. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. 4:3:3ರ ಪ್ರಮಾಣದಲ್ಲಿ ಬಿಡುವುದು ವಾಡಿಕೆ.

ಎಷ್ಟು ಬಿಡಬೇಕು ಅನ್ನುವುದರಲ್ಲೇ ನಮ್ಮ ಹುಡುಗರು ಸೋಲುವುದು. ಹೆಕ್ಟೇರಿಗೆ 5,000 ಮರಿ ಎಂದು ಪುಸ್ತಕ ಹೇಳುತ್ತದೆ, ಅಂದರೆ ಮರಿಯೊಂದಕ್ಕೆ 2 ಚದರ ಮೀಟರ್. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡಕ್ಕೆ 220 ಆಯಿತು. ಆದರೆ ಆ ಅಳತೆ ಹೊಂಡ ತುಂಬಿದಾಗಿನದು. ಬದಿಗಳು ಓರೆಯಾಗಿ ಇಳಿದು, 3 ಮೀಟರ್ ಆಳದಲ್ಲಿ ತಳ 15 ಮೀಟರ್ ಚೌಕ ಉಳಿದಿದೆ ಅಂತಿಟ್ಟುಕೋ. ತುಂಬಿದಾಗ 981 ಘನ ಮೀಟರ್ ನೀರು. ಕಾಲುವೆ ನಿಂತು, ಬಿಸಿಲು ಹೀರಿ, ಆಳ ಅರ್ಧಕ್ಕೆ ಬಂದ ದಿನ ಉಳಿಯುವುದು ಅರ್ಧವಲ್ಲ, ಸುಮಾರು 410. ಅಷ್ಟರಲ್ಲಿ ನೀನು ಬಿಟ್ಟ ಬೆರಳುದ್ದದ ಮರಿ ಅರ್ಧ ಕಿಲೋ ದಾಟಿರುತ್ತದೆ. ಎಣಿಕೆ ಅದೇ 220, ಆದರೆ ಮೀನು ದೊಡ್ಡದು, ನೀರು ಸಣ್ಣದು. ಅದಕ್ಕೇ ಭಾದ್ರಪದದ ನೀರು ನೋಡಿ ಬಿಡಬೇಡ, ಚೈತ್ರದ ನೀರು ನೋಡಿ ಬಿಡು. ಅರ್ಧ ಆಳದಲ್ಲಿ ಮೇಲ್ಮೈ 324 ಚದರ ಮೀಟರ್, ಅದಕ್ಕೆ 160 ಸಾಕು: ಕಾಟ್ಲಾ 64, ರೋಹು 48, ಮೃಗಾಲ್ 48. ಮರಿ ಮಾರುವವನು ಹೆಚ್ಚು ಹೊರಿಸಲು ನೋಡುತ್ತಾನೆ, ಬೇಡ ಅನ್ನು. ನಾಲ್ಕು ಇಂಚು ಇರುವುದನ್ನೇ ಕೇಳಿ ತಗೋ. ಕೂದಲೆಳೆಯಂಥ ಮರಿ ಅಗ್ಗ, ಆದರೆ ಹಾವು, ಕಪ್ಪೆ, ಕೊಕ್ಕರೆಯ ಪಾಲಾಗುತ್ತದೆ.

ದಿನದಲ್ಲಿ ಹೊಂಡ ಸೋಲುವ ಹೊತ್ತು ನಸುಕು. ಹಗಲಲ್ಲಿ ನೀರಿನ ಹಸಿರು ಆಮ್ಲಜನಕ ಕೊಡುತ್ತದೆ, ಇರುಳೆಲ್ಲ ಅದೇ ಹಸಿರು ಮೀನಿನ ಜೊತೆ ಕೂತು ಅದನ್ನು ತಿನ್ನುತ್ತದೆ. ಮೋಡ ಕವಿದ ದಿನದ ಮರುನಸುಕು ಇನ್ನೂ ಕಷ್ಟ. ಆಗ ಬದುವಿನ ಮೇಲೆ ನಿಂತು ನೋಡು. ಮೀನು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅಂದಿನ ಮೇವು, ಸಗಣಿ ಎರಡೂ ನಿಲ್ಲಿಸು. ಹೊಂಡದ ನೀರನ್ನೇ ಮೋಟರಿನಿಂದ ಎತ್ತಿ ಮೇಲಿಂದ ಚಿಮ್ಮಿಸು. ಹಸಿರು ಅಳೆಯಲು ಯಂತ್ರ ಬೇಡ. ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸು. ಅಂಗೈ ಮಸುಕು ಮಸುಕಾಗಿ ಕಂಡರೆ ಸರಿ. ಮಣಿಕಟ್ಟಿನಷ್ಟರಲ್ಲೇ ಕಾಣದಾದರೆ ಹಸಿರು ಮಿತಿಮೀರಿದೆ. ಉಗುರು ಕೂಡ ಕಾಣುವಂತಿದ್ದರೆ ಒಂದಿಷ್ಟು ಸಗಣಿ ಕದಡಿ ಹಾಕು. ಮೇವಿಗೆ ಶೇಂಗಾ ಹಿಂಡಿ, ಅಕ್ಕಿ ತೌಡು ಸಮಪಾಲು ಸಾಕು.

ಸೀಗಡಿಯ ಆಸೆ ಇದ್ದೇ ಇದ್ದರೆ ಸಿಹಿನೀರಿನ ದೊಡ್ಡ ಸೀಗಡಿ ಇದೆ. ಎಳೆಯ ಹಂತದಲ್ಲಿ ಅದಕ್ಕೂ ಉಪ್ಪು ಬೆರೆತ ನೀರು ಬೇಕು, ಆ ಕೆಲಸ ಮರಿ ಕೇಂದ್ರದವರದು. ಬಲಿತ ಮರಿ ನಮ್ಮ ನೀರಲ್ಲಿ ಬೆಳೆಯುತ್ತದೆ. ತಳದಲ್ಲಿ ಮೇಯುವ ಮೃಗಾಲನ್ನು ಆಗ ಕೈಬಿಡು, ಸೀಗಡಿ ಚದರ ಮೀಟರಿಗೆ ಒಂದನ್ನು ದಾಟದಿರಲಿ. ಚಿಪ್ಪು ಕಳಚಿದ ಮೆತ್ತನೆಯ ಸೀಗಡಿಯನ್ನು ಜೊತೆಯವೇ ತಿಂದುಹಾಕುತ್ತವೆ. ಒಡೆದ ಹೆಂಚು, ಪೈಪಿನ ತುಂಡು ತಳಕ್ಕೆ ಹಾಕಿದರೆ ಅಡಗಲು ಜಾಗ ಸಿಗುತ್ತದೆ.

ನಮ್ಮ ಸೀಮೆಯಲ್ಲಿ ನನಗೆ ಹೆಚ್ಚು ಹೆದರಿಕೆ ಇರುವುದು ಔಷಧಿಯದು. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯುವ ಕೀಟನಾಶಕಗಳಲ್ಲಿ ಪೈರೆಥ್ರಾಯಿಡ್ ಜಾತಿಯವು ತೊಟ್ಟಷ್ಟು ಬಿದ್ದರೂ ಮೀನಿಗೆ ವಿಷ, ಸೀಗಡಿಗೆ ಇನ್ನೂ ಕೆಟ್ಟದ್ದು. ಬೇರೆಯವರ ಗದ್ದೆ ಹಾಯ್ದು ಬರುವ ಬಸಿನೀರನ್ನು ಹೊಂಡಕ್ಕೆ ಬಿಡಬೇಡ, ಕಾಲುವೆಯಿಂದಲೇ ತಗೋ. ಬದು ಎತ್ತರಿಸಿ ಮಳೆನೀರು ಒಳಗೆ ಹರಿಯದಂತೆ ಮಾಡು. ಔಷಧಿ ಹೊಡೆಯುವ ಪಂಪು ತೊಳೆಯುವವರನ್ನು ಹೊಂಡದ ಹತ್ತಿರ ಸೇರಿಸಬೇಡ.

ಕಡಲಕಳೆಯ ಕೆಲಸ ನಿನ್ನಲ್ಲಿ ಮಾಡುವುದು ಹೊಲ. ಹೊಂಡದ ತಳದ ನೀರನ್ನು ಉಳ್ಳಾಗಡ್ಡಿಗೆ, ಕಾಯಿಪಲ್ಲೆಗೆ ಹಾಯಿಸು. ಹಿಕ್ಕೆಯ ಸಾರಜನಕ ಬೇರಿಗೆ ಹೋಗುತ್ತದೆ, ಯೂರಿಯಾ ಅಷ್ಟು ಉಳಿಯುತ್ತದೆ. ಎಷ್ಟು ಹಾಯಿಸಿದೆಯೋ ಅಷ್ಟು ಹೊಸ ನೀರು ತುಂಬಿಸಲು ಕಾಲುವೆ ನೀರಿನ ವಾರಬಂದಿಯ ಪಾಳಿ ನೋಡಿಕೋ. ಕಾಲುವೆ ನಿಂತ ಮೇಲೆ ಈ ಕೆಲಸ ಬೇಡ, ನೀರು ಮೊದಲೇ ಇಳಿಯುತ್ತಿರುತ್ತದೆ. ಆಗ ದೊಡ್ಡ ಮೀನು ಹಿಡಿದು ಮಾರುತ್ತಾ ಬಾ, ಉಳಿದವಕ್ಕೆ ಜಾಗ ಆಗುತ್ತದೆ.

ತೋಡುವ ಮುಂಚೆ ಮಣ್ಣು, ನೀರು ಎರಡನ್ನೂ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸು. ಎರೆಮಣ್ಣು ಕ್ಷಾರದ ಕಡೆ ಇದ್ದರೆ ಎಲ್ಲರೂ ಹಾಕುತ್ತಾರೆಂದು ಸುಣ್ಣ ಸುರಿಯಬಾರದು. ಪರೀಕ್ಷೆಯ ಚೀಟಿ ಬಂದಮೇಲೆ ನನ್ನ ಹತ್ತಿರ ಬಾ, ಹೊಂಡದ ಜಾಗ ಇಬ್ಬರೂ ಹೋಗಿ ನೋಡೋಣ.