ಹೊಳಹು ಮತ್ತು ವಸ್ತು

ಕಥನಸಾಹಿತ್ಯದ ರಚನೆಯನ್ನು ಕುರಿತು ಯೋಚಿಸುವಾಗ ಹೊಳಹನ್ನೂ ವಸ್ತುವನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ. ಕಣ್ಣಿಗೆ ಬಿದ್ದ ದೃಶ್ಯವೋ ಕಿವಿಗೆ ಬಿದ್ದ ಮಾತೋ ಬರೆಯುವ ಆಸೆಯನ್ನು ಕ್ಷಣಕಾಲ ಕೆರಳಿಸಿದರೆ ಅದು ಹೊಳಹು; ಅದೇ ತನ್ನ ಸುತ್ತ ವ್ಯಕ್ತಿಗಳನ್ನೂ ಕಾಲವನ್ನೂ ಸೆಳೆದುಕೊಂಡು ಬೆಳೆಯತೊಡಗಿದರೆ ವಸ್ತು. ಸಂಸ್ಕೃತ ನಾಟ್ಯಶಾಸ್ತ್ರವು ಮೊದಲಿಗೆ ಅಲ್ಪವಾಗಿ ಸೂಚಿತವಾಗಿ, ಮುಂದೆ ಹಲವು ಬಗೆಯಲ್ಲಿ ಹರಡಿ ಫಲದಲ್ಲಿ ಮುಗಿಯುವ ಕಥಾಮೂಲವನ್ನು ‘ಬೀಜ’ವೆಂದು ಕರೆದಿರುವುದು ಈ ಎರಡನೆಯದಕ್ಕೇ ಸಲ್ಲುತ್ತದೆ.

ಪ್ರಸ್ತುತ ಲೇಖಕನು ಈ ಭೇದವನ್ನು ಬಹುಕಾಲ ಗಮನಿಸಲಿಲ್ಲ. ಹೊಳೆದದ್ದನ್ನೆಲ್ಲ ಟಿಪ್ಪಣಿ ಪುಸ್ತಕಕ್ಕೆ ಇಳಿಸುವುದು, ಇಳಿಸಿದ್ದನ್ನೆಲ್ಲ ಬರೆದೇ ತೀರಬೇಕೆಂದು ಹೊರಡುವುದು ಅವನ ರೂಢಿಯಾಗಿದ್ದುದರಿಂದ, ಮೂರು ನಾಲ್ಕು ಪುಟಗಳಿಗೇ ನಿಂತುಹೋದ ಕಥೆಗಳ ಕಟ್ಟು ದಪ್ಪವಾಯಿತೇ ಹೊರತು ಮುಗಿದ ಕಥೆಗಳು ಹೆಚ್ಚಲಿಲ್ಲ. ಇವೆಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಒಬ್ಬ ನೀರುಗಂಟಿಯನ್ನು ಕುರಿತ ಕಾದಂಬರಿ. ನೀರುಗಂಟಿ ಎಂದರೆ ಕೆರೆಯ ತೂಬನ್ನು ತೆರೆದು ಮುಚ್ಚಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಹೊಣೆ ಹೊತ್ತವನು. ಬಯಲುಸೀಮೆಯಲ್ಲಿ ಕೊಳವೆಬಾವಿಗಳು ಹೆಚ್ಚಿ ಕೆರೆಗಳು ಬತ್ತುತ್ತ ಬಂದಂತೆ ಎಷ್ಟೋ ಊರುಗಳಲ್ಲಿ ಆ ಹೊಣೆಯೂ ಇಲ್ಲವಾಯಿತು. ಲೇಖಕನು ಕೆರೆಯ ಒತ್ತುವರಿ, ಕೊಳವೆಬಾವಿಯ ಸಾಲ, ಬೆಂಗಳೂರಿಗೆ ಹೋದ ಮಗ, ನೀರಿನ ಸರದಿಯಲ್ಲಿ ಜಾತಿಯ ಪಾತ್ರ ಇವೆಲ್ಲವನ್ನೂ, ಒಂದನ್ನೂ ಬಿಡಲಾರದ ಪ್ರೀತಿಯಿಂದ, ಅದರೊಳಗೆ ತುಂಬಿದನು. ಇನ್ನೂರು ಪುಟ ದಾಟುವ ಹೊತ್ತಿಗೆ ನೀರುಗಂಟಿಯೇ ಮರೆಯಾಗಿದ್ದನು.

ಆ ಹಸ್ತಪ್ರತಿಯನ್ನು ಕಟ್ಟಿಟ್ಟ ದಿನಗಳಲ್ಲಿ ನಡೆದ ರನ್ನನ ಮರು ಓದು ನೆರವಿಗೆ ಬಂದಿತು. ಪಂಪನು 941ರ ವಿಕ್ರಮಾರ್ಜುನವಿಜಯದಲ್ಲಿ ಭಾರತದ ಕಥೆಯನ್ನು ಸಮಗ್ರವಾಗಿ ಹೇಳಿದ ಮೇಲೆ ಬಂದ ರನ್ನನು, ಆ ಕಾವ್ಯದ 13ನೇ ಆಶ್ವಾಸದಲ್ಲಿ, ಅಂದರೆ ಅಧ್ಯಾಯದಲ್ಲಿ, ಬರುವ ಭೀಮ ದುರ್ಯೋಧನರ ಕಾಳಗವೊಂದನ್ನೇ ಆರಿಸಿಕೊಂಡು, ಗದಾಯುದ್ಧವೆಂದು ಪ್ರಸಿದ್ಧವಾದ 10 ಆಶ್ವಾಸಗಳ ಸಾಹಸಭೀಮವಿಜಯವನ್ನು ರಚಿಸಿದನು. ಉಳಿದ ಭಾರತವನ್ನು ಅವನು ಕಳೆದುಕೊಳ್ಳಲಿಲ್ಲ. ನಡೆಯುವ ಸಿಂಹವು ಆಗಾಗ ನಿಂತು ಹಿಂದಿರುಗಿ ನೋಡುವಂತೆ ಹಿಂದಿನ ಕಥೆಯನ್ನು ಕಾಣಿಸುವ ಸಿಂಹಾವಲೋಕನ ಕ್ರಮದಿಂದ ಅವನು ಅದನ್ನು ಒಳಗೆ ತಂದನು. ರಣರಂಗದಲ್ಲಿ ನಡೆದುಹೋಗುವ ದುರ್ಯೋಧನನು ದ್ರೋಣನನ್ನು, ಅಭಿಮನ್ಯುವನ್ನು, ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಹೆಣಗಳಾಗಿ ಕಾಣುತ್ತ ಹೋದಂತೆ, ಒಬ್ಬೊಬ್ಬರ ಮುಂದೆಯೂ ಅವನ ದುಃಖವೇ ಗತವನ್ನು ಎಬ್ಬಿಸುತ್ತದೆ. ಶತ್ರುವಿನ ಮಗನನ್ನೂ ಮೆಚ್ಚಿ ನೋಡುವ ಆ ಗಳಿಗೆಯ ಘನತೆ ಎಷ್ಟು ಸಲ ಓದಿದರೂ ಮಾಸುವುದಿಲ್ಲ. ನಿಲ್ಲುವ ಜಾಗವೊಂದನ್ನು ಸರಿಯಾಗಿ ಆರಿಸಿಕೊಂಡರೆ ಬಿಟ್ಟದ್ದೆಲ್ಲ ಅಲ್ಲಿಂದಲೇ ಕಾಣುತ್ತದೆ ಎಂಬುದು ಲೇಖಕನಿಗೆ ಆಗ ತಿಳಿಯಿತು.

ಕಾದಂಬರಿಯು ಮುಂದೆ ನೀಳ್ಗತೆಯಾಯಿತು, ಅಂದರೆ ಸಣ್ಣಕಥೆಗಿಂತ ಹಿರಿದಾದ, ಕಾದಂಬರಿಗಿಂತ ಕಿರಿದಾದ ಕಥನವಾಯಿತು. ತೂಬು ಕೊನೆಯ ಬಾರಿ ತೆರೆದ ಒಂದು ಬೆಳಗನ್ನು ಮಾತ್ರ ಉಳಿಸಿಕೊಂಡಾಗ, ಜಾತಿಯ ವಿಚಾರಕ್ಕೆ ಮೀಸಲಾಗಿದ್ದ ಮೂವತ್ತು ಪುಟಗಳ ಭಾರವನ್ನು, ನೀರುಗಂಟಿಯ ತಂದೆ ಸರದಿ ಕೇಳಲು ದೂರದಲ್ಲಿ ನಿಲ್ಲುತ್ತಿದ್ದ ಕಲ್ಲೊಂದೇ ಹೊತ್ತುಕೊಂಡಿತು.

ಅಂದಿನಿಂದ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದನ್ನು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಮುಟ್ಟದಿರುವುದನ್ನು ಲೇಖಕನು ರೂಢಿಸಿಕೊಂಡಿದ್ದಾನೆ. ಅಷ್ಟರಲ್ಲಿ ಹಲವು ಹೊಳಹುಗಳು ಬಣ್ಣಗೆಡುತ್ತವೆ. ಅದರಿಂದ ಬೇಸರವಾಗುವುದೂ ಉಂಟು, ಏಕೆಂದರೆ ಬರೆದ ದಿನ ಅವು ನಿಜವಾಗಿಯೂ ಹೊಳೆದಿದ್ದವು. ಉಳಿದವುಗಳಲ್ಲಿ ಯಾರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದು ಸ್ಪಷ್ಟವಾದದ್ದನ್ನು ಮಾತ್ರ ಅವನು ಕೈಗೆತ್ತಿಕೊಳ್ಳುತ್ತಾನೆ. ಸಂತೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಮುದುಕನೊಬ್ಬನು ಸಂಜೆ ಬರಿಯ ತಟ್ಟೆಗಳನ್ನು ತೂಗಿ ನೋಡುವ ದೃಶ್ಯ ಆ ಪುಸ್ತಕದಲ್ಲಿ ನಾಲ್ಕು ಮಳೆಗಾಲಗಳನ್ನು ಕಂಡಿದೆ. ಆ ತಕ್ಕಡಿ ಯಾರದೆಂಬುದು ಇನ್ನೂ ತಿಳಿಯದೆ ಇರುವುದರಿಂದ ಅದರ ಮೊದಲ ವಾಕ್ಯವನ್ನು ಅವನು ಬರೆದಿಲ್ಲ.