ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ ಕ್ಯಾಬಿನೆಟ್ ತೆರೆಯಿರಿ

"ಅಣ್ಣಾ, ಇಪ್ಪತ್ತೈದು ಸಾವಿರದೊಳಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಯಾವುದಿದೆ?" ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳ ಮುಂದೆ ನಿಂತ ಹುಡುಗರು ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದು ತಪ್ಪಲ್ಲ. ಆದರೆ ಯಾವ ಮಾನಿಟರಿಗೆ, ಯಾವ ಪ್ರೊಸೆಸರಿಗೆ, ಎಂಥ ಎಸ್‌ಎಂಪಿಎಸ್‌ಗೆ, ಯಾವ ಗೇಮಿಗೆ ಎಂಬುದನ್ನು ಹೇಳದೆ ಕೇಳಿದರೆ ಅಂಗಡಿಯವರಾದರೂ ಸರಿಯಾದ ಉತ್ತರ ಎಲ್ಲಿಂದ ಕೊಟ್ಟಾರು? ಹೊಸ ಕಾರ್ಡ್ ಹಾಕಿದ ಮೇಲೂ ಲ್ಯಾಗ್ ಹೋಗಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಹೆಚ್ಚಿನ ಸಲ ಕಾರ್ಡಿನಲ್ಲಿ ದೋಷವಿರಲಿಲ್ಲ, ಕಾರ್ಡಿಗೂ ಕಂಪ್ಯೂಟರಿಗೂ ಹೊಂದಿಕೆ ಇರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡು ಹಾಗೆ ಹೋಗಬಾರದು ಎಂಬ ಕಳಕಳಿಯಿಂದ ಈ ಸೂತ್ರಗಳನ್ನು ಬರೆಯುತ್ತಿದ್ದೇನೆ.

1. ಮೊದಲು ಕಾಯಿಲೆ ಪತ್ತೆಮಾಡಿ

ಗೇಮ್ ತಡವರಿಸಿದರೆ ಕಾರಣ ಗ್ರಾಫಿಕ್ಸ್ ಕಾರ್ಡೇ ಆಗಿರಬೇಕೆಂದಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಕಾರ್ಡ್ ಯಾವ ಕಂಪನಿಯದಾದರೂ ನಡೆಯುತ್ತದೆ. ಆಡುವಾಗ ಜಿಪಿಯು ಬಳಕೆ ಶೇಕಡಾ ಎಷ್ಟೆಂದು ಅದು ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ವಿ-ಸಿಂಕ್ ಮತ್ತು ಫ್ರೇಮ್ ಮಿತಿಯನ್ನು ಆಫ್ ಮಾಡಿ ನೋಡಿ. ಬಳಕೆ 95ರಿಂದ 99ರಷ್ಟಿದ್ದರೆ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಸುರಿದು ದುಡಿಯುತ್ತಿದೆ, ಬದಲಿಸುವ ಕಾಲ ಬಂದಿದೆ. 60ರ ಆಸುಪಾಸಿನಲ್ಲೇ ಇದ್ದೂ ಗೇಮ್ ಎಳೆಯುತ್ತಿದ್ದರೆ ಅಡ್ಡಿ ಬೇರೆಡೆ ಇದೆ: ಪ್ರೊಸೆಸರ್, ರ್‍ಯಾಮ್, ಇಲ್ಲವೇ ಹಳೆಯ ಹಾರ್ಡ್ ಡಿಸ್ಕ್. ಇನ್ನೊಂದು ಪರೀಕ್ಷೆಯೂ ಉಂಟು. ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ ಕಾರ್ಡಿನ ಮೇಲೆ ತಪ್ಪು ಹೊರಿಸಬೇಡಿ.

ನನ್ನ ಅಕ್ಕನ ಮಗ ಹೊಸ ಕಾರ್ಡ್ ಬೇಕೆಂದು ಹಟ ಹಿಡಿದಾಗ ಹೀಗೇ ನೋಡಿದೆವು. ಜಿಪಿಯು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಮಾಡುತ್ತಿತ್ತು, ಅಷ್ಟೆ. ಕ್ಯಾಬಿನೆಟ್ ತೆರೆದರೆ 8 ಜಿಬಿಯ ಒಂದೇ ಒಂದು ರ್‍ಯಾಮ್ ಕಡ್ಡಿ. ಅದೇ ವೇಗದ ಇನ್ನೊಂದು 8 ಜಿಬಿ ಜೋಡಿಯಾಗಿ ಹಾಕಿದ ದಿನವೇ ತಡವರಿಕೆ ನಿಂತಿತು. ಕಾರ್ಡಿನ ದುಡ್ಡು ಮುಂದಿನ ವರ್ಷಕ್ಕೆ ಉಳಿಯಿತು. ವಾಲರಂಟ್, ಕೌಂಟರ್ ಸ್ಟ್ರೈಕ್ 2ರಂಥ ಗೇಮ್‌ಗಳನ್ನೇ ಹೆಚ್ಚು ಆಡುವವರು ಈ ಸೂತ್ರವನ್ನು ಎರಡು ಬಾರಿ ಓದಬೇಕು. ಅವು ಕಾರ್ಡಿಗಿಂತ ಪ್ರೊಸೆಸರನ್ನೇ ಹೆಚ್ಚು ದುಡಿಸುತ್ತವೆ.

2. ಮಾನಿಟರಿಗೆ ತಕ್ಕ ಕಾರ್ಡ್

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಪ್ರತಿ ಫ್ರೇಮಿನಲ್ಲೂ ಕಾರ್ಡ್ ಇಷ್ಟನ್ನೂ ಬಣ್ಣ ತುಂಬಿ ಕೊಡಬೇಕು. ನಿಮ್ಮದು 60 ಹರ್ಟ್ಸ್‌ನ 1080ಪಿ ಮಾನಿಟರ್ ಆಗಿದ್ದರೆ ಸೆಕೆಂಡಿಗೆ 140 ಫ್ರೇಮ್ ಕೊಡುವ ಕಾರ್ಡಿಗೆ ದುಡ್ಡು ಸುರಿಯಬೇಡಿ. ಪರದೆ ತೋರಿಸುವುದು 60 ಮಾತ್ರ.

3. ಎಸ್‌ಎಂಪಿಎಸ್ ಲೇಬಲ್ ಓದಿ

ಇದೊಂದನ್ನು ಕಡೆಗಣಿಸಿ ಕೈ ಸುಟ್ಟುಕೊಂಡವರೇ ಹೆಚ್ಚು. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರ ವೈರ್ ಬರಬೇಕು: 6 ಪಿನ್ ಕನೆಕ್ಟರ್ ಇನ್ನೊಂದು 75 ವ್ಯಾಟ್, 8 ಪಿನ್ ಆದರೆ 150 ವ್ಯಾಟ್.

ಹೊರಗಡೆ ದೊಡ್ಡ ಅಕ್ಷರದಲ್ಲಿ "450" ಎಂದು ಬರೆದಿರುವುದನ್ನು ನಂಬಿ ಕೂರಬೇಡಿ. ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಸಾಲು ಹುಡುಕಿ, ಅಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ ಬರುವುದು 192 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ಇದರಲ್ಲೇ ಬದುಕಬೇಕು. ಅಗ್ಗದ ಕ್ಯಾಬಿನೆಟ್ ಜೊತೆ ಉಚಿತವಾಗಿ ಬಂದ ಎಸ್‌ಎಂಪಿಎಸ್ ಮೇಲೆ 170 ವ್ಯಾಟಿನ ಆರ್‌ಟಿಎಕ್ಸ್ 3060 ಕೂರಿಸಿದರೆ ಗೇಮಿನ ನಡುವೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ. ಕೆಲವೊಮ್ಮೆ ಎಸ್‌ಎಂಪಿಎಸ್ ತಾನು ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಆದ್ದರಿಂದ ಬಜೆಟ್ ಹಾಕುವಾಗಲೇ 80 ಪ್ಲಸ್ ಮುದ್ರೆಯ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಣ ಎತ್ತಿಟ್ಟು, ಉಳಿದದ್ದರಲ್ಲಿ ಕಾರ್ಡ್ ಹುಡುಕಿ. ಈ ಕ್ರಮ ಹಿಂದುಮುಂದಾಗಬಾರದು.

ಕರೆಂಟ್ ಹೋಗಿ ಬರುವ ಊರಿನವರು ಯುಪಿಎಸ್ಸಿನ ಲೆಕ್ಕವನ್ನೂ ಹಾಕಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಜೊತೆಗೆ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಅನ್ನುವ ಮನೆಯಲ್ಲಿ ಹೊಸ ಕಾರ್ಡ್ ಹಾಕುವುದು ಆಮೇಲಿನ ಮಾತು.

4. ಒಂದೇ ಹೆಸರು, ಬೇರೆ ಬೇರೆ ಕಾರ್ಡು

ಕಡಿಮೆ ಬೆಲೆಯ ಸಾಲಿನಲ್ಲೇ ಈ ಗೊಂದಲ ಅತಿ ಹೆಚ್ಚು. ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿ, 6 ಜಿಬಿ ಎಂದು ಎರಡಿವೆ. ವ್ಯತ್ಯಾಸ ಮೆಮೊರಿಯಲ್ಲಿ ಮಾತ್ರ ಎಂದುಕೊಂಡರೆ ತಪ್ಪು. 8 ಜಿಬಿಯದರಲ್ಲಿ 2560 ಕೋರ್‌ಗಳಿವೆ, 6 ಜಿಬಿಯದರಲ್ಲಿ 2304. ಮೆಮೊರಿಯ ದಾರಿಯೂ 128 ಬಿಟ್‌ನಿಂದ 96ಕ್ಕೆ ಕಿರಿದಾಗಿದೆ. ಜಿಟಿಎಕ್ಸ್ 1060ರ 3 ಜಿಬಿ ಮಾದರಿಯಲ್ಲೂ 6 ಜಿಬಿ ಮಾದರಿಗಿಂತ ಕೋರ್ ಕಡಿಮೆ. ಆರ್‌ಟಿಎಕ್ಸ್ 3060 ಎಂದರೆ ಎಲ್ಲರ ಮನಸ್ಸಿನಲ್ಲಿರುವುದು 12 ಜಿಬಿಯದು, ಆದರೆ ಅದೇ ಹೆಸರಿನಲ್ಲಿ 8 ಜಿಬಿಯ ನಿಧಾನಗತಿಯ ಕಾರ್ಡೂ ಬಂದಿದೆ. "ಆರ್‌ಎಕ್ಸ್ 580 2048ಎಸ್‌ಪಿ" ಎಂದು ಬರೆದಿದ್ದರೆ ಅದು ಒಳಗೆ ಆರ್‌ಎಕ್ಸ್ 570. ನಿಜವಾದ 580ರಲ್ಲಿ ಇರುವುದು 2304.

ಅತ್ಯಂತ ನೋವಿನ ಉದಾಹರಣೆ ಜಿಟಿ 1030. ಜಿಡಿಡಿಆರ್5 ಮೆಮೊರಿ ಇರುವ ಮೂಲ ಕಾರ್ಡಿನ ವೇಗ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ಕಾರ್ಡಿನದು 16.8 ಜಿಬಿ, ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಡಬ್ಬಿಯ ಮೇಲಿನ ಹೆಸರಿನ ಅಂಕಿ ಎರಡಕ್ಕೂ ಒಂದೇ. ಇಂದು ಎರಡೂ ಗೇಮಿಂಗಿಗೆ ಬೇಡ, ಜಿಟಿ 710, ಜಿಟಿ 730 ಕೂಡ ಬೇಡ. "4 ಜಿಬಿ ಗ್ರಾಫಿಕ್ಸ್" ಎಂದು ಹೇಳಿ ಇವುಗಳನ್ನು ಗೇಮಿಂಗ್ ಕಾರ್ಡಾಗಿ ಮಾರುವುದನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಕೊಳ್ಳುವವರು ಹೆಚ್ಚಾಗಿ ಮೊದಲ ಬಾರಿ ಕಂಪ್ಯೂಟರ್ ಕಾಣುವ ಮಕ್ಕಳು.

5. ವಿರ್‍ಯಾಮ್: 8 ಜಿಬಿಗಿಂತ ಕೆಳಗಿಳಿಯಬೇಡಿ

ಗೇಮಿನ ಟೆಕ್ಸ್ಚರ್‌ಗಳು ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಹಿಡಿಸದಿದ್ದರೆ ಕಂಪ್ಯೂಟರಿನ ರ್‍ಯಾಮ್‌ನಿಂದ ಎರವಲು ತರಬೇಕಾಗುತ್ತದೆ. ಆ ದಾರಿ ನಿಧಾನ. ಸರಾಸರಿ ಫ್ರೇಮ್ ಚೆನ್ನಾಗಿಯೇ ಕಾಣುತ್ತದೆ, ಆದರೆ ನಡುನಡುವೆ ಗೇಮ್ ಗಕ್ಕನೆ ನಿಲ್ಲುತ್ತದೆ. 1080ಪಿಗೆ ಇಂದು 8 ಜಿಬಿ ಕನಿಷ್ಠ. ಸ್ವಲ್ಪ ಹೆಚ್ಚು ಕೊಟ್ಟು 12 ಅಥವಾ 16 ಜಿಬಿ ಸಿಗುವುದಾದರೆ ಆ ಹೆಚ್ಚಿನ ಹಣ ದಂಡವಲ್ಲ.

6. ಹಳೆಯ ಬೋರ್ಡ್ ಇದ್ದರೆ ಲೇನ್ ಎಣಿಸಿ

ಅಗ್ಗದ ಕಾರ್ಡುಗಳು ಉದ್ದದ ಸ್ಲಾಟ್‌ನಲ್ಲಿ ಕೂತರೂ ಅದರ 16 ಲೇನ್‌ಗಳನ್ನೂ, ಅಂದರೆ ಮಾಹಿತಿ ಓಡಾಡುವ ದಾರಿಗಳನ್ನೂ, ಬಳಸುವುದಿಲ್ಲ. ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060 ಬಳಸುವುದು 8 ಲೇನ್. ಪಿಸಿಐಇ 3.0 ಬೋರ್ಡುಗಳಲ್ಲೂ ಇವು ಬಹುಮಟ್ಟಿಗೆ ಸರಿಯಾಗೇ ನಡೆಯುತ್ತವೆ. ಆದರೆ 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು 4 ಲೇನ್, ಮೆಮೊರಿಯೂ 4 ಜಿಬಿ. ಮೆಮೊರಿ ತುಂಬಿತೆಂದರೆ ಹಳೆಯ ಬೋರ್ಡಿನಲ್ಲಿ ಆ ನಾಲ್ಕು ಲೇನ್ ಸಾಲದೆ ಕಾರ್ಡ್ ಕುಸಿಯುತ್ತದೆ. ಹಳೆಯ ಕಂಪ್ಯೂಟರ್ ಇರುವವರೇ ಅಗ್ಗವೆಂದು ಇದನ್ನು ಕೊಳ್ಳುತ್ತಾರೆ, ಅವರಿಗೇ ಇದು ಒಗ್ಗುವುದಿಲ್ಲ.

7. ನಾನು ಯಾವುದನ್ನು ಕೊಳ್ಳುತ್ತೇನೆ

ಆಫೀಸುಗಳಿಂದ ಹೊರಬಂದ ರೀಫರ್ಬಿಶ್ಡ್ ಡೆಸ್ಕ್‌ಟಾಪ್ ನಿಮ್ಮದಾಗಿದ್ದರೆ, ಅದರ ಎಸ್‌ಎಂಪಿಎಸ್ ಚಿಕ್ಕದು, ಕಾರ್ಡಿಗೆ ಕೊಡುವ ಪ್ರತ್ಯೇಕ ವೈರೂ ಇರುವುದಿಲ್ಲ. ಅಲ್ಲಿಗೆ 70 ವ್ಯಾಟಿನ ಆರ್‌ಟಿಎಕ್ಸ್ 3050 6 ಜಿಬಿ ಸರಿಯಾದ ಆಯ್ಕೆ. ಮೇಲೆ ಅದರ ಕೊರತೆ ಹೇಳಿದ್ದೇನೆ, ಆದರೂ ಸ್ಲಾಟ್‌ನ ಕರೆಂಟಿನಲ್ಲೇ ನಡೆಯುವ ಕಾರ್ಡುಗಳಲ್ಲಿ ಅದು ಗಟ್ಟಿ. ಸಣ್ಣ ಕ್ಯಾಬಿನೆಟ್ಟಿಗಾಗಿ ಲೋ ಪ್ರೊಫೈಲ್ ಮಾದರಿ ಕೇಳಿ.

ಒಳ್ಳೆಯ ಎಸ್‌ಎಂಪಿಎಸ್ ಇದ್ದು ಕೈ ಬಿಗಿಯಿದ್ದರೆ ಆರ್‌ಎಕ್ಸ್ 6600. 2021ರ ಕಾರ್ಡು, 132 ವ್ಯಾಟ್, 8 ಜಿಬಿ. ಅದರ ಮೇಲೆ ಆರ್‌ಎಕ್ಸ್ 7600, ಆರ್‌ಟಿಎಕ್ಸ್ 4060, 2025ರಲ್ಲಿ ಬಂದ ಆರ್‌ಟಿಎಕ್ಸ್ 5060. ಮೂರರಲ್ಲೂ 8 ಜಿಬಿಯೇ. ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ 249 ಡಾಲರಿಗೆ 12 ಜಿಬಿ ಕೊಟ್ಟು ಎಲ್ಲರ ಗಮನ ಸೆಳೆಯಿತು. ಆದರೆ ಅದಕ್ಕೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬಯೋಸ್‌ನಲ್ಲಿ ಆನ್ ಆಗಿರಲೇಬೇಕು. ಹಳೆಯ ಪ್ರೊಸೆಸರಿನ ಜೊತೆ ಅದು ಮಂಕಾಗುತ್ತದೆ. 10ನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್ ಇದ್ದವರು ಅದನ್ನು ಮರೆತುಬಿಡಿ.

ಎರಡು ಮೂರು ತಿಂಗಳು ತಡೆದು ಇನ್ನಷ್ಟು ಕೂಡಿಸಬಲ್ಲಿರಾದರೆ ನನ್ನ ಓಟು ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ. 2025ರ ಜೂನ್‌ನಲ್ಲಿ 349 ಡಾಲರಿಗೆ ಬಂತು. 16 ಲೇನ್ ಇರುವುದರಿಂದ ಹಳೆಯ ಬೋರ್ಡಿನಲ್ಲೂ ಸೊರಗದು, 1440ಪಿ ಮಾನಿಟರ್ ತಂದರೂ ನಡೆಸುತ್ತದೆ. ಅದೇ ಹೆಸರಿನ 8 ಜಿಬಿಯದೂ ಇದೆ, ಡಬ್ಬಿ ತಿರುಗಿಸಿ ಓದಿ. ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಅಂಗಡಿಯವರ ಜೊತೆ ಜಗಳ ಆಡಬೇಡಿ, ಇಲ್ಲಿ 18 ಶೇಕಡಾ ಜಿಎಸ್‌ಟಿ ಸೇರುತ್ತದೆ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆಯೂ ಏರಿರುವುದರಿಂದ ಕಳೆದ ವರ್ಷದ ದರ ನೆನಪಿಟ್ಟುಕೊಂಡು ಹೋದರೆ ಲೆಕ್ಕ ತಪ್ಪುತ್ತದೆ. ಕೊಳ್ಳುವ ವಾರದಲ್ಲೇ ನಾಲ್ಕು ಕಡೆ ವಿಚಾರಿಸಿ.

8. ಹಳೆಯ ರಾಜನಿಗೆ ಮರುಳಾಗಬೇಡಿ

ಜಿಟಿಎಕ್ಸ್ 1080 ಟಿಐ ಒಂದು ಕಾಲಕ್ಕೆ ಎಲ್ಲರ ಕನಸು. ಇಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, 11 ಜಿಬಿ ಮೆಮೊರಿಯೂ ಇದೆ. ಆದರೆ 2024ರ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡೂ ಕಾರ್ಡಿನಲ್ಲೇ ರೇ ಟ್ರೇಸಿಂಗ್ ಸೌಲಭ್ಯ ಕಡ್ಡಾಯವಾಗಿ ಕೇಳುತ್ತವೆ. ಯಾವ ಜಿಟಿಎಕ್ಸ್ ಕಾರ್ಡಿನಲ್ಲೂ ಅದಿಲ್ಲ. ಅಲ್ಲದೆ 10 ಸರಣಿಯ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ. ಹಳೆಯ ಗೇಮ್‌ಗಳಿಗಷ್ಟೇ ಸಾಕು ಎನ್ನುವವರು ಕೊಳ್ಳಲಿ, ಉಳಿದವರು ಬೇಡ.

9. ಸೆಕೆಂಡ್ ಹ್ಯಾಂಡ್ ಆದರೆ ಓಡಿಸಿ ನೋಡಿಯೇ ಹಣ ಕೊಡಿ

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿ ತನ್ನ ವಿಧಾನ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಮೈನಿಂಗ್ ಮಾಡುವುದು ನಿಂತಿತು, ರಾಶಿ ರಾಶಿ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಲ್ಲ ಹಾಳಾಗಿರುತ್ತದೆ ಎಂಬುದು ನಿಜವಲ್ಲ. ಸವೆದಿರುವುದು ಹೆಚ್ಚಾಗಿ ಫ್ಯಾನು ಮತ್ತು ಥರ್ಮಲ್ ಪ್ಯಾಡ್. ಆದರೂ ಕಣ್ಣಾರೆ ನೋಡದೆ ಕೊಳ್ಳಬೇಡಿ. ಮಾರುವವರ ಮುಂದೆಯೇ ಜಿಪಿಯು-ಝಡ್ ತೆರೆಯಿರಿ. ಹಳೆಯ ಜಿಟಿಎಕ್ಸ್ 550 ಟಿಐ ಚಿಪ್ಪಿಗೆ 1050 ಟಿಐ ಎಂದು ಸುಳ್ಳು ಹೆಸರಿಟ್ಟು ಮಾರಿದ ಕಾರ್ಡುಗಳಿವೆ, ಆ ತಂತ್ರಾಂಶ ಅಂಥವನ್ನು ನಕಲಿ ಎಂದು ತೋರಿಸಿಬಿಡುತ್ತದೆ. ಬಳಿಕ ಫರ್‌ಮಾರ್ಕ್ ಅಥವಾ ಒಂದು ಭಾರಿ ಗೇಮನ್ನು ಇಪ್ಪತ್ತು ನಿಮಿಷ ಓಡಿಸಿ. ಪರದೆಯ ಮೇಲೆ ಬಣ್ಣದ ಚುಕ್ಕೆ, ಗೆರೆ ಮೂಡಿದರೆ ಎದ್ದು ಬನ್ನಿ. ಮೂಲ ಬಿಲ್ಲು, ಕಾರ್ಡಿನ ಸೀರಿಯಲ್ ನಂಬರ್ ಎರಡೂ ತಾಳೆಯಾದರೆ ಉಳಿದ ವಾರಂಟಿ ನಿಮಗೆ ಸಿಗುವ ಸಾಧ್ಯತೆ ಇದೆ. ಮುಂಗಡ ಕಳಿಸಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

10. ಅಳತೆ ಟೇಪು ಹಿಡಿಯಿರಿ

ಸ್ಲಾಟ್‌ನಿಂದ ಕ್ಯಾಬಿನೆಟ್ಟಿನ ಮುಂಭಾಗದವರೆಗೆ ಎಷ್ಟು ಮಿಲಿಮೀಟರ್ ಜಾಗವಿದೆ ಎಂದು ಬರೆದುಕೊಳ್ಳಿ. ಕಾರ್ಡಿನ ಉದ್ದ ಕಂಪನಿಯ ವಿವರಗಳಲ್ಲೇ ಇರುತ್ತದೆ.

11. ಹುಟ್ಟಿಸಿದ ಫ್ರೇಮಿಗೆ ಬೆಲೆ ಕಟ್ಟಬೇಡಿ

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಇವು ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಫ್ರೇಮ್ ಏರಿಸುವ ತಂತ್ರಗಳು. ನಿಜಕ್ಕೂ ಉಪಯುಕ್ತ, ಧಾರಾಳವಾಗಿ ಬಳಸಿ. ಫ್ರೇಮ್ ಜನರೇಷನ್ ಬೇರೆ. ಅದು ಎರಡು ನಿಜ ಫ್ರೇಮಿನ ನಡುವೆ ಊಹೆಯ ಫ್ರೇಮ್ ತುರುಕುತ್ತದೆ. ಕಣ್ಣಿಗೆ ನುಣುಪಾಗಿ ಕಾಣುತ್ತದೆ, ಮೌಸ್ ಮಾತ್ರ ಹಳೆಯ ವೇಗದಲ್ಲೇ ಸ್ಪಂದಿಸುತ್ತದೆ. ಜಾಹೀರಾತಿನ ಪಟ್ಟಿಯಲ್ಲಿ "ಎರಡು ಪಟ್ಟು ವೇಗ" ಎಂದಿದ್ದರೆ ಅದರಲ್ಲಿ ಫ್ರೇಮ್ ಜನರೇಷನ್ ಸೇರಿದೆಯೇ ಎಂದು ಅಡಿಟಿಪ್ಪಣಿ ಓದಿ.

12. ಹಾಕಿದ ಮೇಲೆ

ಕಂಪನಿ ಬದಲಿಸಿದ್ದರೆ ಡಿಡಿಯು ಎಂಬ ತಂತ್ರಾಂಶದಿಂದ ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದನ್ನು ಹಾಕಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಚುಚ್ಚಿ. ಎಷ್ಟೋ ಮನೆಗಳಲ್ಲಿ ಹೊಸ ಕಾರ್ಡ್ ತಿಂಗಳುಗಟ್ಟಲೆ ಸುಮ್ಮನೆ ಕೂತಿರುವುದು ಈ ಒಂದು ಕೇಬಲ್ಲಿನಿಂದ. 144 ಹರ್ಟ್ಸ್ ಮಾನಿಟರ್ ಇದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದನ್ನು ನೀವೇ ಆಯ್ದುಕೊಳ್ಳಬೇಕು. ಬಿಲ್ಲಿನ ಮತ್ತು ಸೀರಿಯಲ್ ನಂಬರಿನ ಫೋಟೋ ಅದೇ ದಿನ ತೆಗೆದಿಡಿ.

ಹಳೆಯ ಕಾರ್ಡನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ. ಕೆಲಸ ಮಾಡುವ ಜಿಟಿಎಕ್ಸ್ 1650ಕ್ಕೂ, ಆರ್‌ಎಕ್ಸ್ 580ಕ್ಕೂ ಇನ್ನೂ ಕೊಳ್ಳುವವರಿದ್ದಾರೆ, ತಡಮಾಡಿದಷ್ಟೂ ಅದರ ಬೆಲೆ ಇಳಿಯುತ್ತದೆ. ಧೂಳು ಒರೆಸಿ, ಬಿಲ್ಲಿನ ಸಮೇತ ಈ ವಾರವೇ ಮಾರಿಬಿಡಿ. ಬಂದ ಹಣ ಹೊಸ ಎಸ್‌ಎಂಪಿಎಸ್‌ಗೆ ಆದೀತು.