ಕೋಲಾರ ಮರಳುಗಾಡಾಗುತ್ತಾ? ಸೈನೈಡ್ ಗುಡ್ಡದ ಪಕ್ಕ ನಿಂತು ಒಂದು ಪಾಠ



ಹೋದ ತಿಂಗಳು ನಮ್ಮ ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ಕೂತು ಒಂದು ಮಾತು ಕೇಳಿದ್ರು. "ಏನಪ್ಪಾ, ನೀನು ಓದಿದೋನು, ಹೇಳು. ಮೂರನೇ ಬೋರೂ ಒಣಗೋಯ್ತು. ಕೋಲಾರ ಮರಳುಗಾಡಾಗ್ತದೆ ಅಂತ ಟೀವಿನಲ್ಲೂ ಹೇಳ್ತಾರೆ. ಲೇಔಟ್‌ನೋರು ಬಂದು ಕೇಳ್ಕೊಂಡು ಹೋಗವ್ರೆ. ಇರೋ ಎರಡೂವರೆ ಎಕರೆ ಕೊಟ್ಬಿಡ್ಲಾ, ಇಲ್ಲ ಇನ್ನೊಂದು ಬೋರ್ ಹಾಕಿಸ್ಲಾ?"

ಆವತ್ತು ನನಗೆ ಉತ್ತರ ಹೊಳೀಲಿಲ್ಲ. ತೋಟಗಾರಿಕೆ ಓದುವಾಗ ಹವಾಮಾನದ ಪಾಠ ಪರೀಕ್ಷೆಗೆ ಓದಿದ್ದೆವೇ ಹೊರತು, ಒಬ್ಬ ಮನುಷ್ಯ ಜಮೀನು ಮಾರಬೇಕೋ ಬೇಡವೋ ಅನ್ನೋದಕ್ಕೆ ಅದು ಬೇಕಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಈ ವಾರದ ಲೇಖನ ಆ ಅಣ್ಣನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಮರುಭೂಮಿ ಹೇಗಾಗುತ್ತೆ ನೋಡೋಣ. ಮರಳು ಇದ್ದರೆ ಮರುಭೂಮಿ ಅಂತ ನಾವು ಅಂದ್ಕೋತೀವಿ. ಅಸಲಿಗೆ ಅದು ಲೆಕ್ಕದ ವಿಷಯ. ಮೇಲಿಂದ ಬೀಳೋ ಮಳೆ ಎಷ್ಟು, ಬಿಸಿಲು ಗಾಳಿ ಸೇರಿ ಹೀರಿಕೊಳ್ಳಬಲ್ಲ ನೀರು ಎಷ್ಟು, ಇವೆರಡರ ಲೆಕ್ಕ. ಹೀರೋ ಶಕ್ತಿಯ ಐದರಲ್ಲಿ ಒಂದು ಭಾಗದಷ್ಟೂ ಮಳೆ ಇಲ್ಲದಿದ್ದರೆ ಅದು ಶುಷ್ಕ ಪ್ರದೇಶ. ಐದರಲ್ಲಿ ಒಂದರಿಂದ ಅರ್ಧದವರೆಗೆ ಇದ್ದರೆ ಅರೆ ಶುಷ್ಕ.

ಭೂಮಧ್ಯರೇಖೆ ಹತ್ತಿರ ಕಾದ ಗಾಳಿ ಮೇಲೇರಿ, ಅಲ್ಲೇ ಮಳೆ ಸುರಿಸಿ, ಒಣಗಿ, ಉತ್ತರಕ್ಕೂ ದಕ್ಷಿಣಕ್ಕೂ ಹೋಗಿ ಸುಮಾರು 20ರಿಂದ 30 ಡಿಗ್ರಿ ಅಕ್ಷಾಂಶದಲ್ಲಿ ಕೆಳಗಿಳಿಯುತ್ತೆ. ಇಳಿಯೋ ಗಾಳಿ ಬಿಸಿಯಾಗುತ್ತೆ, ಬಿಸಿ ಗಾಳಿಯಲ್ಲಿ ಮೋಡ ನಿಲ್ಲೋದಿಲ್ಲ. ಸಹಾರಾ, ಅರೇಬಿಯಾ, ನಮ್ಮ ರಾಜಸ್ಥಾನದ ಥಾರ್ ಎಲ್ಲ ಇದೇ ಪಟ್ಟಿಯಲ್ಲಿರೋದು ಕಾಕತಾಳೀಯ ಅಲ್ಲ. ಸಹಾರಾ ಕೂಡ ಸುಮಾರು 6,000 ವರ್ಷದ ಹಿಂದೆ ಹುಲ್ಲು, ಕೆರೆ ಇದ್ದ ನಾಡಾಗಿತ್ತು. ಭೂಮಿಯ ವಾಲುವಿಕೆ ಮತ್ತು ಕಕ್ಷೆಯಲ್ಲಿನ ನಿಧಾನದ ಬದಲಾವಣೆಗೆ ಅಲ್ಲಿನ ಮುಂಗಾರು ಹಿಂದೆ ಸರಿಯಿತು, ನಾಡು ಒಣಗಿತು. ಅಂಥ ಮರುಭೂಮಿಯನ್ನ ಆಕಾಶ ಮಾಡುತ್ತೆ. ಅದರ ಮುಂದೆ ರೈತನದು ಏನೂ ನಡೆಯೋಲ್ಲ.

ನಾವು ಎಲ್ಲಿದ್ದೀವಿ? ಕೆಜಿಎಫ್, ಬಂಗಾರಪೇಟೆ ಸುಮಾರು 13 ಡಿಗ್ರಿಯಲ್ಲಿವೆ, ಆ ಒಣ ಗಾಳಿ ಇಳಿಯೋ ಪಟ್ಟಿಯಿಂದ ಬಹಳ ಕೆಳಗೆ. ನಮ್ಮ ತೊಂದರೆ ಬೇರೆ. ಅರಬ್ಬಿ ಸಮುದ್ರದಿಂದ ಬರೋ ಮುಂಗಾರು ಮೋಡ ಪಶ್ಚಿಮ ಘಟ್ಟ ಹತ್ತುವಾಗಲೇ ನೀರು ಸುರಿಸಿಬಿಡುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟ ಇಳಿದು ಮುನ್ನೂರು ಕಿಲೋಮೀಟರ್ ದಾಟಿ ನಮ್ಮ ಹತ್ತಿರ ಬರೋ ಹೊತ್ತಿಗೆ ಜೂನ್, ಜುಲೈ ತಿಂಗಳಲ್ಲಿ ಗಾಳಿ ಜೋರು, ಮಳೆ ಚೂರು. ನಮ್ಮನ್ನ ಉಳಿಸೋದು ಇನ್ನೊಂದು ಕಡೆಯ ಸಮುದ್ರ. ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ನಮಗೆ ದೊಡ್ಡದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಚೆನ್ನೈನವರು ಛತ್ರಿ ತೆಗೆದ ಹಾಗೆ ನಾವೂ ಕಣದ ಮೇಲೆ ಟಾರ್ಪಾಲ್ ಹೊದಿಸ್ತೀವಿ.

ಎರಡೂ ಸೇರಿ ಜಿಲ್ಲೆಯ ವಾಡಿಕೆ ಮಳೆ ಸುಮಾರು 700ರಿಂದ 750 ಮಿ.ಮೀ. ಆವಿಯಾಗಿ ಹೋಗಬಲ್ಲ ನೀರು ಅದರ ಎರಡು ಪಟ್ಟಿಗೂ ಜಾಸ್ತಿ. ಅಂದ್ರೆ ನಾವು ಅರೆ ಶುಷ್ಕ. ಜೈಸಲ್ಮೇರ್‌ನಲ್ಲಿ ಬೀಳೋದು ಸುಮಾರು 200 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು. 700 ಮಿ.ಮೀ. ಅಂದರೆ ಎಕರೆಗೆ 28 ಲಕ್ಷ ಲೀಟರ್. ನಮ್ಮ ಅಣ್ಣನ ಎರಡೂವರೆ ಎಕರೆಗೆ ಪ್ರತಿ ವರ್ಷ 70 ಲಕ್ಷ ಲೀಟರ್ ಪುಕ್ಕಟೆ ಬರ್ತಾ ಇದೆ. ಬೋರ್ ಲಾರಿ ಕರೆಸೋ ಮುಂಚೆ ಈ ಲೆಕ್ಕ ಒಂದು ಸಲ ಹಾಕ್ಬೇಕು.

ಇನ್ನು ಬಯಲಿನ ವಿಷಯ. ಇದು ನನಗೆ ತುಂಬ ಇಷ್ಟದ ಪಾಠ, ಸ್ವಲ್ಪ ಜಾಸ್ತಿ ಬರೆದರೆ ಬೇಜಾರು ಮಾಡ್ಕೋಬೇಡಿ.

ಬಯಲು ಎರಡು ಥರ. ಗಂಗಾ ಬಯಲು ಹಿಮಾಲಯದಿಂದ ನದಿಗಳು ಹೊತ್ತು ತಂದ ಮಣ್ಣಿಂದ ಆಗಿದ್ದು. ಅಲ್ಲಿ ಪ್ರವಾಹ ಬಂದರೆ ಬೆಳೆ ಹೋಗುತ್ತೆ, ಆದರೆ ಹೊಸ ಮೆಕ್ಕಲು ಬಂದು ಕೂರುತ್ತೆ. ನಮ್ಮದು ಹಾಗಲ್ಲ. ನಮ್ಮ ಕೆಳಗಿರೋದು 250 ಕೋಟಿ ವರ್ಷಕ್ಕೂ ಹಳೆಯ ಬಂಡೆ. ಕೋಟ್ಯಂತರ ವರ್ಷ ಬಿಸಿಲು, ಮಳೆ ಆ ಬಂಡೆಯನ್ನ ಕೊಳೆಸಿವೆ. ಹೌದು, ಬಂಡೆಯೂ ಕೊಳೆಯುತ್ತೆ. ಮಳೆ ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸೌಮ್ಯ ಆಮ್ಲ ಆಗಿ ಬಿರುಕಿನೊಳಗೆ ಇಳಿದು, ಬಂಡೆಯ ಒಂದು ಭಾಗವನ್ನ ಜೇಡಿ ಮಾಡುತ್ತೆ, ಕರಗದ ಬಿಳಿಕಲ್ಲಿನ ಕಣ ಮರಳಾಗಿ ಉಳಿಯುತ್ತೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಮಣ್ಣು ಕೆಂಪಾಗುತ್ತೆ. ಕೊಳೆತದ್ದನ್ನ ಮಳೆ ಕೊಚ್ಚಿಕೊಂಡು ಹೋಗುತ್ತೆ. ಬಿರುಕಿಲ್ಲದ ಗಟ್ಟಿ ಬಂಡೆ ಹಾಗೇ ನಿಲ್ಲುತ್ತೆ. ಕೋಲಾರದ ಅಂತರಗಂಗೆ ಬೆಟ್ಟ, ಟೇಕಲ್ ಬೆಟ್ಟ, ಬೂದಿಕೋಟೆ ಕಡೆಯ ಬಂಡೆಗಳು ಹಾಗೆ ಉಳಿದವು.

ಅಂದರೆ ನಮ್ಮದು ತಂದು ಹಾಕಿದ ಬಯಲಲ್ಲ, ಕೊಚ್ಚಿ ಹೋಗಿ ಉಳಿದ ಬಯಲು. ಪಾಲಾರ್, ದಕ್ಷಿಣ ಪಿನಾಕಿನಿ ಎರಡೂ ಹಳೇ ಅವಿಭಜಿತ ಕೋಲಾರ ಜಿಲ್ಲೆಯ ನಂದಿ ಬೆಟ್ಟದ ಸುತ್ತಮುತ್ತ ಹುಟ್ಟಿ ಹೊರಗೆ ಹೋಗ್ತವೆ. ಹೊರಗಿನಿಂದ ನಮಗೆ ನೀರನ್ನಾಗಲಿ ಮಣ್ಣನ್ನಾಗಲಿ ತಂದುಕೊಡೋ ಹೊಳೆ ಒಂದೂ ಇಲ್ಲ. ಅದಕ್ಕೇ ಹಿರೀಕರು ಪ್ರತಿ ತಗ್ಗಿಗೂ ಅಡ್ಡ ಏರಿ ಕಟ್ಟಿ ಸಾವಿರಾರು ಕೆರೆ ಮಾಡಿದರು. ಒಂದು ಕೋಡಿ ಹೋದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಗಣಿ ಕಾಲದಲ್ಲಿ ಕೆಜಿಎಫ್ ಊರಿಗೆ ನೀರು ಕುಡಿಸಿದ್ದು ಕೂಡ ಪಾಲಾರ್ ಮೇಲಿನ ಬೇತಮಂಗಲ ಕೆರೆ. ನಮ್ಮ ಹೊಲದಿಂದ ಒಂದು ಅಂಗುಲ ಮೇಲ್ಮಣ್ಣು ಹೋದರೆ ಮತ್ತೆ ಆಗೋಕೆ ನೂರಾರು ವರ್ಷ ಬೇಕು.

ಈಗ ಸೈನೈಡ್ ಗುಡ್ಡಕ್ಕೆ ಬರೋಣ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕಿಟಕಿ ಪಕ್ಕ ಕೂತ್ಕೊಳ್ಳಿ. ಮೊದಲು ರಾಗಿ ಹೊಲ, ಮಾವು, ನೀಲಗಿರಿ. ಊರ್ಗಾಂ, ಚಾಂಪಿಯನ್ ದಾಟೋ ಹೊತ್ತಿಗೆ ಬೂದು ಬಣ್ಣದ ಚಪ್ಪಟೆ ಗುಡ್ಡಗಳು ಶುರುವಾಗ್ತವೆ. ನೂರು ವರ್ಷಕ್ಕೂ ಹೆಚ್ಚು ಕಾಲ ನೆಲದಡಿಯಿಂದ ತೆಗೆದ ಬಂಡೆಯನ್ನ ಹಿಟ್ಟಿನ ಹಾಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದು, ಉಳಿದ ಪುಡಿ ಸುರಿದಿದ್ದು. ಮೂರು ಕೋಟಿ ಟನ್ನಿಗೂ ಹೆಚ್ಚು ಅನ್ನೋದು ಲೆಕ್ಕ. 2001ರ ಫೆಬ್ರವರಿ 28ಕ್ಕೆ ಗಣಿ ನಿಂತಿತು, ಗುಡ್ಡ ನಿಂತೇ ಇದೆ. ಮಳೆ ಬಂದಾಗ ಮೈತುಂಬ ಕೊರಕಲು, ಒಣ ಗಾಳಿಗೆ ಧೂಳು. ಸಿನಿಮಾದವರಿಗೆ ಮರುಭೂಮಿ ಥರ ಕಾಣುತ್ತೆ, ಬಂದು ಶೂಟಿಂಗ್ ಮಾಡ್ತಾರೆ. ಪಕ್ಕದಲ್ಲಿ ಬದುಕೋರಿಗೆ ಅದು ಊಟದ ತಟ್ಟೆಗೆ ಬೀಳೋ ಪುಡಿ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಗುಡ್ಡದ ಮೇಲೂ ಪಕ್ಕದ ರಾಗಿ ಹೊಲದ ಮೇಲೂ ಬೀಳೋದು ಒಂದೇ ಮಳೆ, ಒಂದೇ ಬಿಸಿಲು. ಹವಾಮಾನ ಒಂದೇ. ಒಂದು ಕಡೆ ರಾಗಿ, ಇನ್ನೊಂದು ಕಡೆ ಅಂಚಿನಲ್ಲಿ ಒಂದಿಷ್ಟು ಜಾಲಿ, ಹುಲ್ಲು ಬಿಟ್ಟರೆ ಬೋಳು. ರಾಸಾಯನಿಕದ ಪಾಲು ಇದೆ, ಇಲ್ಲ ಅನ್ನಲ್ಲ. ಆದರೆ ಅದಿಲ್ಲದಿದ್ದರೂ ಅದು ಮಣ್ಣಲ್ಲ, ಕಲ್ಲಿನ ಹಿಟ್ಟು. ಅದರಲ್ಲಿ ಕೊಳೆತ ಎಲೆ ಇಲ್ಲ, ಬೇರಿಲ್ಲ, ಎರೆಹುಳ ಇಲ್ಲ, ಕಣಕ್ಕೆ ಕಣ ಅಂಟಿಸೋ ಅಂಟು ಇಲ್ಲ. ಬಿದ್ದ ನೀರು ಒಳಗಿಳಿದು ಗಿಡಕ್ಕಾಗಿ ಕಾಯೋ ಬದಲು ಕೊರೆದುಕೊಂಡು ಓಡುತ್ತೆ. 700 ಮಿ.ಮೀ. ಮಳೆಯಲ್ಲೂ ಮರುಭೂಮಿ ಮಾಡಬಹುದು ಅಂತ ಆ ಗುಡ್ಡ ತೋರಿಸುತ್ತೆ.

1994ರಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದ ಮರುಭೂಮೀಕರಣ ಅಂತ ಕರೆಯೋದು ಇದನ್ನೇ, ಒಣ ನಾಡಿನ ನೆಲ ಸತ್ತ್ವ ಕಳೆದುಕೊಳ್ಳೋದನ್ನ. ರಾಜಸ್ಥಾನದ ಮರಳು ನಡೆದು ಬಂದು ಬಂಗಾರಪೇಟೆ ಮುಚ್ಚೋದಲ್ಲ. ಇಸ್ರೋದ ಅಹಮದಾಬಾದ್ ಕೇಂದ್ರದ ನಕ್ಷೆ ಪ್ರಕಾರ 2018-19ರಲ್ಲಿ ದೇಶದ ಸುಮಾರು 9.78 ಕೋಟಿ ಹೆಕ್ಟೇರ್, ಅಂದರೆ ನೂರಕ್ಕೆ ಹತ್ತಿರ ಹತ್ತಿರ 30 ಭಾಗ ನೆಲ ಹೀಗೆ ಕೆಟ್ಟಿದೆ. ದೊಡ್ಡ ಕಾರಣ ಗಾಳಿ ಅಲ್ಲ, ನೀರಿನ ಕೊಚ್ಚಣೆ. ಅಮೆರಿಕದ ದೊಡ್ಡ ಬಯಲಲ್ಲಿ 1930ರ ದಶಕದಲ್ಲಿ ಹುಲ್ಲುಗಾವಲು ಉತ್ತು ಬರಿದು ಬಿಟ್ಟಾಗ, ಬರಗಾಲ ಬಂದು ಮೇಲ್ಮಣ್ಣು ಆಕಾಶಕ್ಕೆ ಎದ್ದಿತ್ತು. ಬರ ಆಕಾಶದ್ದು, ಬರಿ ಮೈ ರೈತನದು.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಓದು ಮುಗಿಸಿ ಬಂದ ಹೊಸದರಲ್ಲಿ ಟೊಮೆಟೊ ಹಾಕಿದೆ. ಡ್ರಿಪ್ ಪೈಪ್ ಎಳೆಯೋಕೆ ಸಲೀಸು ಅಂತ ಸಾಲುಗಳನ್ನ ಇಳಿಜಾರಿನ ಉದ್ದಕ್ಕೇ ಹೊಡೆದೆ. ಸಾಲಿನ ಮಧ್ಯೆ ಒಂದು ಹುಲ್ಲುಕಡ್ಡಿ ಇಲ್ಲದ ಹಾಗೆ ಕ್ಲೀನ್. ನೋಡಿದೋರೆಲ್ಲ ಹೊಗಳಿದರು, ನಮ್ಮಪ್ಪ ಒಬ್ಬರು ಬಿಟ್ಟು. "ಸಾಲು ಅಡ್ಡ ಹೊಡೀಬೇಕಿತ್ತು" ಅಂದ್ರು, ಅಷ್ಟೆ. ಒಂದು ರಾತ್ರಿ ಮಳೆಗೆ ಪ್ರತಿ ಸಾಲೂ ಕಾಲುವೆ ಆಯ್ತು. ಬೆಳಿಗ್ಗೆ ಹೋದರೆ ಗಿಡದ ಬೇರು ಹೊರಗೆ, ನಾನು ಹಾಕಿದ್ದ ಕೊಟ್ಟಿಗೆ ಗೊಬ್ಬರ ಕೆಳಗಿನ ಕುಂಟೆಯಲ್ಲಿ. ಎರಡು ವಾರದ ಮೇಲೆ ಅದೇ ಹೊಲಕ್ಕೆ ಟ್ಯಾಂಕರ್ ನೀರು ಹಾಕಿಸಿದೆ. ಆ ದುಡ್ಡು ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ. ಎಕರೆ ಮೇಲೆ 50 ಮಿ.ಮೀ. ಮಳೆ ಅಂದರೆ 2 ಲಕ್ಷ ಲೀಟರ್. ಅರ್ಧ ಓಡಿ ಹೋಯ್ತು ಅಂದ್ಕೊಂಡರೂ 5,000 ಲೀಟರಿನ 20 ಟ್ಯಾಂಕರ್ ನಾನೇ ಹೊರಗೆ ಕಳಿಸಿದ್ದೆ.

ನಮ್ಮ ಕೆಂಪು ಮಣ್ಣಿಗೆ ಒಂದು ಕೆಟ್ಟ ಗುಣ ಇದೆ. ಬರಿ ಮೈ ಮೇಲೆ ದಪ್ಪ ಹನಿ ಬಿದ್ದರೆ ಮೇಲೆ ಚಿಪ್ಪು ಕಟ್ಟುತ್ತೆ, ಆಮೇಲೆ ನೀರು ಇಳಿಯೋಲ್ಲ. ನಿಮ್ಮ ಮಣ್ಣು ಹೇಗಿದೆ ಅಂತ ಮನೆಯಲ್ಲೇ ನೋಡಬಹುದು. ಹೊಂಗೆ ಮರದ ಬುಡದಿಂದ ಒಂದು ಒಣ ಹೆಂಟೆ, ಉತ್ತ ಹೊಲದಿಂದ ಒಂದು ಒಣ ಹೆಂಟೆ ತಂದು ಎರಡು ಗಾಜಿನ ಲೋಟದ ನೀರಲ್ಲಿ ಮೆಲ್ಲಗೆ ಬಿಡಿ. ಮರದ ಬುಡದ್ದು ತುಂಬ ಹೊತ್ತು ಗಟ್ಟಿಯಾಗಿರುತ್ತೆ. ಹೊಲದ್ದು ಒಂದೆರಡು ನಿಮಿಷಕ್ಕೆ ಕುಸಿದು ಕೆಸರಾದರೆ, ಅದು ಸೈನೈಡ್ ಗುಡ್ಡದ ಕಡೆ ಹೊರಟಿದೆ ಅಂತ ತಿಳ್ಕೊಳ್ಳಿ. (ಗುಡ್ಡದ ಪುಡಿ ತಂದು ಮಾತ್ರ ಪ್ರಯೋಗ ಮಾಡಬೇಡಿ, ಮಕ್ಕಳನ್ನೂ ಅದರಲ್ಲಿ ಆಡೋಕೆ ಬಿಡಬೇಡಿ.)

ಮಾಡಬೇಕಾದ್ದು ಹೊಸದೇನಲ್ಲ. ಉಳುಮೆ, ಸಾಲು ಎರಡೂ ಇಳಿಜಾರಿಗೆ ಅಡ್ಡ. ಒಡೆದ ಬದು ಮೇ ತಿಂಗಳೊಳಗೆ ಸರಿಪಡಿಸಿ, ಅದರ ಮೇಲೆ ಲಾವಂಚ ಇಲ್ಲ ನೇಪಿಯರ್ ಹುಲ್ಲು, ಮಧ್ಯೆ ಮಧ್ಯೆ ಗ್ಲಿರಿಸಿಡಿಯಾ ಕಡ್ಡಿ ನೆಡಿ. ಮೊದಲ ಹದ ಮಳೆಗೆ ಅಲಸಂದೆ ಅಥವಾ ಅಪ್ಸೆಣಬು ಚೆಲ್ಲಿ, ಹೂ ಬಿಡೋ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ರಾಗಿಗೂ ಗೊಬ್ಬರ, ನೆಲಕ್ಕೂ ಹೊದಿಕೆ. ರಾಗಿ ಒಂದೇ ಹಾಕೋ ಬದಲು ಅವರೆ, ತೊಗರಿ, ಹುಚ್ಚೆಳ್ಳು ಅಕ್ಕಡಿ ಸಾಲು ಹಾಕಿ. ರಾಗಿ ಕೊಯ್ಲಾದ ಮೇಲೂ ತೊಗರಿ ನಿಂತಿರುತ್ತೆ, ನೆಲ ಬೋಳಾಗೋಲ್ಲ. ಟೊಮೆಟೊ ಬಿಡೋಕಾಗಲ್ಲ ಅನ್ನೋರು ಸಾಲಿನ ಮಧ್ಯೆ ಒಣ ಹುಲ್ಲು, ತರಗು ಹರಡಿ. ಹೊಲದ ತಗ್ಗು ಮೂಲೆಯಲ್ಲಿ ಕೃಷಿ ಹೊಂಡ ಇದ್ದರೆ ಓಡೋ ನೀರು ಕೊನೆಗೆ ಅಲ್ಲಾದರೂ ನಿಲ್ಲುತ್ತೆ. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬರ್ತಿದೆ, ನಿಜ. ಅದು ಬೆಂಗಳೂರು ಬಳಸಿ ಬಿಟ್ಟ ನೀರು, ಅದನ್ನ ನಂಬಿಕೊಂಡು ಬದು ಕಟ್ಟೋದು ಬಿಟ್ಟರೆ ನಮ್ಮ ಮಳೆ ಕೈ ತಪ್ಪುತ್ತೆ.

ಮುಂದಿನ ಮಳೆ ಇನ್ನೂ ಕಷ್ಟದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿಯುತ್ತೆ. ಅಂದರೆ ಬಂದಾಗ ಜೋರು ಮಳೆ, ನಡುವೆ ಉದ್ದನೆಯ ಒಣ ದಿನ. 2021ರ ನವೆಂಬರ್ ಮಳೆಗೆ ರಾಗಿ ತೆನೆ ಹೊಲದಲ್ಲೇ ಮೊಳಕೆ ಒಡೆದಿದ್ದು ಯಾರೂ ಮರೆತಿಲ್ಲ. ಅಂಥ ಮಳೆ ಬಂದಾಗ ಹಿಡಿದಿಟ್ಟುಕೊಳ್ಳೋ ಮಣ್ಣು ಇದ್ದರೆ ಆಮೇಲಿನ ಒಣ ದಿನ ದಾಟಬಹುದು.

ಇಷ್ಟೂ ಅಣ್ಣನ ಮುಂದೆ ಹೇಳಿದೆ. ಲೋಟದ ಪ್ರಯೋಗ ಅವರ ಜಗಲಿ ಮೇಲೇ ಮಾಡಿದ್ವಿ. ಅವರ ಹೊಲದ ಹೆಂಟೆ, ಬೀಡಿ ಹಚ್ಚಿ ಮುಗಿಸೋ ಮುಂಚೆ ಕುಸಿಯಿತು. ಸುಮ್ಮನೆ ನೋಡ್ತಾ ಕೂತರು. ಜಮೀನು ಕೊಡೋಲ್ಲ ಅಂತ ಅವರು ಹೇಳಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಮನೆಯಲ್ಲಿ ಮಗಳ ಮದುವೆ ಇದೆ, ಸಾಲ ಇದೆ, ಅದು ಹವಾಮಾನದ ಲೆಕ್ಕಕ್ಕೆ ಬರೋಲ್ಲ. ಬೋರ್ ಲಾರಿಗೆ ಕೊಟ್ಟಿದ್ದ ಅಡ್ವಾನ್ಸ್ ಮಾತ್ರ ವಾಪಸ್ ಕೇಳಿದ್ದಾರೆ. ಹೋದ ಭಾನುವಾರ ಜೆಸಿಬಿ ಬಂದು ಮೇಲಿನ ಎರಡು ಬದು ಎತ್ತರಿಸಿ ಹೋಯ್ತು. ಒಳ್ಳೆ ಮಳೆ ಬಿದ್ದ ಮಾರನೇ ದಿನ ಗುದ್ದಲಿ ತಗೊಂಡು ಬರ್ತೀನಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಅಂತ ಬದುವಿನ ಮೇಲೂ ಕೆಳಗೂ ಅಗೆದು ನೋಡೋಣ ಅಂದಿದ್ದೀನಿ. ನೀವೂ ನಿಮ್ಮ ಹೊಲದಲ್ಲಿ ಅಗೆದು ನೋಡಿ, ಎಷ್ಟು ಅಂಗುಲ ಇಳಿದಿತ್ತು ಅಂತ ಬರೆದು ತಿಳಿಸಿ.